ಒಂದು ವರ್ಷ ಆಯ್ತು. ಅತ್ತಿಗೆ, ಇದು ನಿಮಗೆ

ನನ್ನ ಲಿವರ್ ಕ್ಯಾನ್ಸರ್ ಆಪರೇಷನ್ ಆಗಿ ಒಂದು ವರ್ಷ, ಮೊನ್ನೆ ಅದರ ಸ್ಕ್ಯಾನ್ ಆಯ್ತು. ರಿಪೋರ್ಟ್ ಚೆನ್ನಾಗಿದೆ. ಡಾಕ್ಟರ್ ಅದನ್ನು ಓದಿ ಮುಗಿಸುವ ತನಕ ನಾನು ಅವರ ಮೇಜಿನ ಮೇಲಿದ್ದ ಪೆನ್ ಸ್ಟ್ಯಾಂಡನ್ನೇ ನೋಡುತ್ತಾ ಕೂತಿದ್ದೆ. ಹೊರಗೆ ಬಂದು ಮೊದಲು ಫೋನ್ ಮಾಡಿದ್ದು ಯಾರಿಗೆ ಅಂತ ನಿಮಗೆಲ್ಲ ಗೊತ್ತಿರುತ್ತೆ.

ಆಪರೇಷನ್ ಕಥೆ ಮತ್ತೆ ಬರೆಯಲ್ಲ, ಎಲ್ಲರೂ ಕೇಳಿದ್ದೀರಿ. ರಕ್ತ ಕೊಡೋಕೆ ತಿಪಟೂರಿಂದ ಬೆಂಗಳೂರಿಗೆ ಬಂದ ನನ್ನ ಮೂವರು ಸಹೋದ್ಯೋಗಿಗಳಿಗೆ, ನನ್ನ ಪೀರಿಯಡ್‌ಗಳನ್ನೆಲ್ಲ ಹಂಚಿಕೊಂಡ ಟೀಚರುಗಳಿಗೆ, ತಿಂಗಳುಗಟ್ಟಲೆ ಮಗಳಿಗೆ ಊಟ ಹಾಕಿದ ಪಕ್ಕದ ಮನೆಯವರಿಗೆ, ಡಾಕ್ಟರಿಗೆ, ನರ್ಸುಗಳಿಗೆ, ಒಂದು ಮಾತೂ ಆಡದೆ ಎಲ್ಲ ಬಿಲ್ಲುಗಳನ್ನೂ ಒಂದು ಫೈಲಿಗೆ ಹಾಕಿ ಓಡಾಡಿದ ನನ್ನ ಗಂಡನಿಗೆ ಮನಸ್ಸು ತುಂಬಿ ಕೃತಜ್ಞತೆ. ನಿಮ್ಮಲ್ಲಿ ಯಾರೊಬ್ಬರು ಇಲ್ಲದಿದ್ದರೂ ಕಷ್ಟವಾಗುತ್ತಿತ್ತು. ಆದರೆ ಇವತ್ತು ಅತ್ತಿಗೆ ಬಗ್ಗೆ ಬರೆಯಬೇಕು. ಅವರು ಅರಸೀಕೆರೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾರೆ. ಅಣ್ಣನ ಹೆಂಡತಿ. ನಮ್ಮ ರಕ್ತ ಅಲ್ಲ, ನಮ್ಮ ಮನೆಯ ಈ ಕಾಯಿಲೆಯೂ ಅವರದಲ್ಲ.

ಮೊದಲು ಹೋಗಿದ್ದು ಸೋದರಮಾವ, 2003ರಲ್ಲಿ. ಒಂದು ದಿನವೂ ಕುಡಿದವರಲ್ಲ. ಆದರೂ ಲಿವರ್ ಅಂದ ತಕ್ಷಣ ಊರವರು ಕದ್ದು ಕುಡೀತಿದ್ದ ಅಂದರು. ಅವರ ತಿಥಿ ಊಟದ ಪಂಕ್ತಿಯಲ್ಲೇ ಅದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಆಮೇಲೆ ಅಮ್ಮ, 2011ರಲ್ಲಿ. ಕಾಮಾಲೆ ಅಂತ ನೆಲನೆಲ್ಲಿ ಅರೆದು ಕುಡಿಸಿದೆವು, ಪಥ್ಯ ಮಾಡಿಸಿದೆವು. ಹೊಟ್ಟೆಯಲ್ಲಿ ನೀರು ತುಂಬಿ ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ಮೂರು ತಿಂಗಳು, ಅಷ್ಟೇ. ಅಮ್ಮನಿಗೆ ಹೆಪಟೈಟಿಸ್ ಬಿ, ಅಂದರೆ ಲಿವರ್ ಕೆಡಿಸುವ ವೈರಸ್, ಇತ್ತು ಅಂತ ಗೊತ್ತಾಗಿದ್ದೇ ಆಗ. ಮಕ್ಕಳೂ ಟೆಸ್ಟ್ ಮಾಡಿಸಿಕೊಳ್ಳಿ ಅಂದರು. ಅಣ್ಣನಿಗೆ ಇರಲಿಲ್ಲ. ನನಗಿತ್ತು. ಅಜ್ಜಿಯಿಂದ ಅಮ್ಮ ಮತ್ತು ಮಾವನಿಗೆ, ಅಮ್ಮನಿಂದ ನನಗೆ ಬಂದಿರಬೇಕು. ಹೆರಿಗೆ ಹೊತ್ತಲ್ಲಿ ತಾಯಿಯಿಂದ ಮಗುವಿಗೆ ದಾಟಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಈ ವೈರಸ್ ಹಾಗೇ ಉಳಿದುಬಿಡುತ್ತಂತೆ. ಹೆತ್ತವರಿಗೋ ಒಡಹುಟ್ಟಿದವರಿಗೋ ಲಿವರ್ ಕ್ಯಾನ್ಸರ್ ಬಂದಿದ್ದರೆ ಅಪಾಯ ಎರಡು ಪಟ್ಟಿಗೂ ಜಾಸ್ತಿ, ಜೊತೆಗೆ ವೈರಸ್ಸೂ ಇದ್ದರೆ ಇನ್ನೂ ಎಷ್ಟೋ ಪಟ್ಟು. ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ತಪ್ಪಿಸಬೇಡಿ ಅಂತ ಡಾಕ್ಟರ್ ಹೇಳಿ ಕಳಿಸಿದರು.

ಆವತ್ತು ಮನೆಗೆ ಬಂದವಳೇ ನನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡೆ. ಯಾರೂ ಹೇಳಿರಲಿಲ್ಲ, ನಾನೇ ಹೆದರಿದ್ದೆ. ಅತ್ತಿಗೆ ಅವೆರಡನ್ನೂ ಎತ್ತಿಕೊಂಡು ಎಲ್ಲ ಪಾತ್ರೆ ಜೊತೆ ತೊಳೆದು ಮಗುಚಿಟ್ಟರು. ‘ಊಟ ತಿಂಡಿಯಿಂದ ಹರಡಲ್ಲ ಅಂತ ಡಾಕ್ಟರೇ ಹೇಳಿದ್ರಲ್ಲ, ನಾನೂ ಪಕ್ಕದಲ್ಲೇ ಕೂತಿದ್ನಲ್ಲ’ ಅಂದರು. ಆ ಮಾತು ಅಲ್ಲಿಗೇ ಮುಗಿಯಿತು. 2013ರಲ್ಲಿ ಮಗಳು ಹುಟ್ಟಿದಾಗ 12 ಗಂಟೆಯೊಳಗೆ ಮಗುವಿಗೆ ಎರಡು ಇಂಜೆಕ್ಷನ್ ಬೀಳಬೇಕು ಅಂತ ನರ್ಸ್ ಹಿಂದೆ ಮುಂದೆ ಓಡಾಡಿ ಹಾಕಿಸಿದವರೂ ಅವರೇ. ಮಗಳಿಗೆ ವೈರಸ್ ಇಲ್ಲ. ಅಜ್ಜಿಯಿಂದ ಹರಿದು ಬಂದಿದ್ದು ನನ್ನಲ್ಲಿಗೆ ನಿಂತಿತು. ಈ ಒಂದು ವಾಕ್ಯ ಬರೆಯುವಾಗ ಇವತ್ತಿಗೂ ಕೈ ನಡುಗುತ್ತೆ.

ಅತ್ತಿಗೆ ಮನೆ ಅಡುಗೆಕೋಣೆಯಲ್ಲಿ ಒಂದು ಗೋಡೆ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಯಾರ ಬ್ಲೌಸ್ ಯಾವಾಗ ಕೊಡಬೇಕು, ಎಲ್ಲ ಅದರಲ್ಲೇ. 2012ರಿಂದ ಮೇ ಮತ್ತು ನವೆಂಬರ್‌ನಲ್ಲಿ ಒಂದೊಂದು ದಿನಕ್ಕೆ ಕೆಂಪು ಶಾಯಿಯಲ್ಲಿ ‘ಸ್ಕ್ಯಾನ್’ ಅಂತ ಬರೆದಿರುತ್ತೆ. ಹಿಂದಿನ ರಾತ್ರಿ ಫೋನ್ ಬರುತ್ತೆ: ‘ನಾಳೆ ಖಾಲಿ ಹೊಟ್ಟೆ, ನೆನಪಿದೆಯಾ?’ ಇಪ್ಪತ್ತೈದು ಸಲ ಹೋದೆ. ಇಪ್ಪತ್ತೈದು ಸಲವೂ ಏನೂ ಇರಲಿಲ್ಲ.

2024ರ ನವೆಂಬರ್‌ನಲ್ಲಿ ನಾನು ಬೇಡ ಅಂದೆ. ಶಾಲೆಯಲ್ಲಿ ಕೆಲಸ ಇತ್ತು, ಮೈಯಲ್ಲಿ ಒಂದು ಚೂರೂ ನೋವಿರಲಿಲ್ಲ, ಡಿಸೆಂಬರ್‌ನಲ್ಲಿ ನೋಡೋಣ ಬಿಡಿ ಅಂದೆ. ಫೋನಿನಲ್ಲಿ ಸರಿ ಅಂದರು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅತ್ತಿಗೆ ನಿಂತಿದ್ದಾರೆ, ಕೈಯಲ್ಲಿ ನನ್ನ ಹಳೇ ರಿಪೋರ್ಟುಗಳ ಚೀಲ. ಮೊದಲ ರೈಲಿಗೇ ಬಂದಿದ್ದರು. ‘ಕಾಫಿ ಕುಡಿದಿಲ್ಲ ತಾನೆ? ನಡಿ’ ಅಂದರು. ಆ ಸ್ಕ್ಯಾನಿನಲ್ಲೇ ಕಂಡಿದ್ದು ಅದು, ಒಂದು ಅಡಿಕೆಯಷ್ಟು ಗಂಟು. ಲಿವರ್ ಒಳಗೆ ಗಂಟು ಬೆಳೆಯುತ್ತಿದ್ದರೂ ಬಹಳ ದಿನ ನೋವೇ ಆಗಲ್ಲ. ನೋವಾಗಲಿ ಅಂತ ಕಾದಿದ್ದರೆ ನಾನು ಅಮ್ಮ ಹೋದ ದಾರಿಯಲ್ಲೇ ಹೋಗಿರುತ್ತಿದ್ದೆ.

ಆಪರೇಷನ್ ಆದ ಮೂರನೇ ರಾತ್ರಿ ಬಗ್ಗೆ ನಾನು ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ಜ್ವರ ಏರಿತ್ತು. ಮೈಯೆಲ್ಲ ನಡುಕ. ನನಗೆ ಒಂದೇ ಯೋಚನೆ, ಕಣ್ಣು ಹಳದಿ ಆಯ್ತಾ ಅಂತ. ಅಮ್ಮನ ಕಣ್ಣು ಅರಿಶಿನ ಬಣ್ಣಕ್ಕೆ ತಿರುಗಿದ್ದನ್ನು ನಾನೇ ಮೊದಲು ನೋಡಿದ್ದು, ಅದು ಮರೆಯೋಕೆ ಆಗಲ್ಲ. ‘ಅತ್ತಿಗೆ, ಕಣ್ಣು ನೋಡಿ’ ಅಂದೆ. ಮೊಬೈಲ್ ಟಾರ್ಚ್ ಹಾಕಿ, ರೆಪ್ಪೆ ಮೆಲ್ಲಗೆ ಕೆಳಗೆಳೆದು, ಎರಡೂ ಕಣ್ಣು ನೋಡಿ ‘ಬಿಳಿ ಇದೆ’ ಅಂದರು. ಹತ್ತು ನಿಮಿಷಕ್ಕೆ ಮತ್ತೆ ಕೇಳಿದೆ. ಮತ್ತೆ ಎದ್ದು, ಟಾರ್ಚ್ ಹಾಕಿ, ಮೊದಲ ಸಲದಷ್ಟೇ ಗಮನ ಕೊಟ್ಟು ನೋಡಿ ‘ಬಿಳಿ ಇದೆ’ ಅಂದರು. ರಾತ್ರಿಯಿಡೀ ಹೀಗೇ. ಒಂದು ಸಲವೂ ಸುಮ್ನೆ ಮಲಗು ಅನ್ನಲಿಲ್ಲ, ನೋಡದೇನೇ ಉತ್ತರ ಹೇಳಲಿಲ್ಲ. ಮೂರು ಗಂಟೆ ಹೊತ್ತಿಗೆ ಮೊಬೈಲ್ ಚಾರ್ಜ್ ಮುಗಿದಾಗ ಪಕ್ಕದ ಬೆಡ್‌ನವರ ಜೊತೆ ಇದ್ದ ಹುಡುಗನನ್ನು ಎಬ್ಬಿಸಿ ಅವನ ಫೋನ್ ಇಸ್ಕೊಂಡು ಬಂದು ನೋಡಿದರು.

ಆಗ ನನ್ನ ಬಾಯಿಂದ ಒಂದು ಮಾತು ಬಂತು. ‘ಅಮ್ಮ ನನಗೆ ಇದನ್ನು ಕೊಟ್ಟು ಹೋದಳು’ ಅಂದೆ. ಸಿಟ್ಟಿನಿಂದಲೇ ಅಂದೆ. ನನಗೋಸ್ಕರ ಅಷ್ಟೆಲ್ಲ ಪಟ್ಟ ಅಮ್ಮನ ಮೇಲೆ ಅಂಥ ಸಿಟ್ಟು ನನ್ನೊಳಗೆ ಹದಿಮೂರು ವರ್ಷ ಕೂತಿತ್ತು ಅಂತ ಆವತ್ತೇ ನನಗೂ ಗೊತ್ತಾಗಿದ್ದು. ಅತ್ತಿಗೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ನನ್ನ ಹಣೆಯ ಬಟ್ಟೆ ಹಿಂಡಿ ಹಾಕುತ್ತಾ, ‘ಗೊತ್ತಿದ್ದಿದ್ರೆ ಕೊಡ್ತಿದ್ರಾ? ಅವರಿಗೂ ಹೀಗೇ ಬಂದಿದ್ದಲ್ವಾ. ಅವರಿಗೆ ಯಾರೂ ಸ್ಕ್ಯಾನ್ ಮಾಡಿಸಿರಲಿಲ್ಲ ಕಣೇ’ ಅಂದರು. ನಾನು ಅತ್ತುಬಿಟ್ಟೆ. ಅವರೂ ಅತ್ತರು, ನನಗೆ ಕಾಣದ ಹಾಗೆ ಆ ಕಡೆ ತಿರುಗಿಕೊಂಡು. ಬೆಳಿಗ್ಗೆ ಜ್ವರ ಇಳಿಯಿತು.

ಅದಾದ ಎರಡು ದಿನಕ್ಕೆ ಅಣ್ಣ ಅರಸೀಕೆರೆಯಿಂದ ಒಂದು ಪೊಟ್ಟಣ ತಂದ. ಹತ್ತಿ ನೈಟಿ, ಮುಂದೆ ಪೂರ್ತಿ ಲಾಡಿ, ಬಲಗಡೆ ಒಳಕ್ಕೆ ಒಂದು ಜೇಬು. ಹೊಟ್ಟೆಗೆ ಹಾಕಿದ್ದ ಪೈಪಿನ ಚೀಲ ಇಡೋಕೆ ಅಂತ. ಅತ್ತಿಗೆ ವಾರ್ಡಿನಲ್ಲಿ ಕೂತೇ ನನ್ನ ಅಳತೆ ತೆಗೆದು, ಅಂಗಡಿ ಹುಡುಗಿಗೆ ಫೋನಿನಲ್ಲಿ ಹೇಳಿ ಹೊಲಿಸಿದ್ದರು. ಹೊಲಿಗೆ ಚುಚ್ಚಬಾರದು ಅಂತ ಜೇಬಿನ ಅಂಚಿಗೆ ಹಳೇ ಸೀರೆಯ ಮೆತ್ತನೆ ಪಟ್ಟಿ ಕೊಟ್ಟಿತ್ತು. ಆ ನೈಟಿ ಈಗ ಬೇಕಾಗಲ್ಲ. ಆದರೂ ಬೀರುವಿನಲ್ಲಿ ನನ್ನ ಮದುವೆ ಸೀರೆ ಪಕ್ಕದಲ್ಲೇ ಮಡಿಸಿ ಇಟ್ಟಿದ್ದೇನೆ.

ಮಾವನ ಮಕ್ಕಳಲ್ಲಿ ಇಬ್ಬರು ಟೆಸ್ಟ್ ಮಾಡಿಸಿಕೊಂಡರು. ಮೂರನೆಯವನು ಇದನ್ನು ಓದುತ್ತಾನೆ ಅಂತ ಗೊತ್ತು. ಈ ವೈರಸ್ ಇದೆಯಾ ಅಂತ ನೋಡೋಕೆ ಎಚ್‌ಬಿಎಸ್‌ಎಜಿ ಅಂತ ಒಂದು ರಕ್ತ ಪರೀಕ್ಷೆ ಕಣೋ, ಅಷ್ಟೇ. 2018ರಿಂದ ಸರ್ಕಾರದ ಕಾರ್ಯಕ್ರಮವೇ ಇದೆ, ಪರೀಕ್ಷೆ ಮತ್ತು ಮಾತ್ರೆ ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಇಲ್ಲ ಅಂತ ಬಂದರೆ ಲಸಿಕೆ ಹಾಕಿಸಿಕೋ. ಇದೆ ಅಂತ ಬಂದರೆ ನಿನ್ನ ಜೊತೆ ಸ್ಕ್ಯಾನಿಗೆ ನಾನು ಬರ್ತೀನಿ. ನಿಮ್ಮಪ್ಪ ಕುಡುಕ ಆಗಿರಲಿಲ್ಲ ಅಂತ ಊರಿಗೆಲ್ಲ ಹೇಳೋಕೂ ನಾನು ತಯಾರು.

ನಿನ್ನೆ ಅತ್ತಿಗೆ ಹೊಸ ವರ್ಷದ ಕ್ಯಾಲೆಂಡರಿನ ಫೋಟೋ ಕಳಿಸಿದರು. ಮಾರ್ಚ್ ತಿಂಗಳ ಒಂದು ಚೌಕದಲ್ಲಿ ಆಗಲೇ ಕೆಂಪು ಶಾಯಿಯಲ್ಲಿ ‘ಸ್ಕ್ಯಾನ್’ ಅಂತಿದೆ. ಅದು ಮುಗಿಸಿಕೊಂಡು ನಾನು ಅವರ ಮನೆಗೆ ಹೋಗೋದು ರೂಢಿ. ಮರುದಿನದ ಚೌಕದಲ್ಲಿ ‘ಹಾಲು ಅರ್ಧ ಲೀಟರ್ ಜಾಸ್ತಿ’ ಅಂತ ಬರೆದಿದ್ದಾರೆ.