ಒಳಪುಟದ ನೋಟಿಸಿಗೆ ಹದಿನೈದೇ ದಿನ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಒಳಪುಟದಲ್ಲಿ, ಟೆಂಡರ್ ಮತ್ತು ಹೆಸರು ಬದಲಾವಣೆಯ ಜಾಹೀರಾತುಗಳ ನಡುವೆ, ‘ಭೂ ಉಪಯೋಗ ಬದಲಾವಣೆ’ ಎಂಬ ಪುಟ್ಟ ಚೌಕ ಆಗಾಗ ಕಾಣುತ್ತದೆ. ಓದುವವರು ಕಡಿಮೆ. ಪಕ್ಕದ ಖಾಲಿ ಜಾಗದಲ್ಲಿ ಗೋದಾಮು ಏಳುತ್ತದೋ ಕಲ್ಯಾಣ ಮಂಟಪ ಏಳುತ್ತದೋ ಎಂಬುದು ನೆರೆಯವರಿಗೆ ಮೊದಲು ತಿಳಿಯಬೇಕಾದದ್ದು ಅಲ್ಲೇ. ಆಕ್ಷೇಪಣೆ ಸಲ್ಲಿಸಲು ಸಾಮಾನ್ಯವಾಗಿ ಸಿಗುವುದು ಹದಿನೈದು ದಿನ.

‘ಡಿಸಿ ಕನ್ವರ್ಷನ್ ಆಗಿದೆ, ಇನ್ನೇನು ಬೇಕು?’ ಎನ್ನುವವರೇ ಹೆಚ್ಚು. ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಕೊಡುವ ಈ ಪರಿವರ್ತನೆ ಕೃಷಿ ಜಮೀನನ್ನು ಕೃಷಿಯೇತರ ಮಾಡುವುದಕ್ಕೆ. ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸುವ ಮಹಾಯೋಜನೆ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಆ ಜಾಗಕ್ಕೆ ವಸತಿಯ ಹಳದಿ ಬಣ್ಣ ಬಿದ್ದಿದ್ದರೆ, ಗೋದಾಮಿಗಾಗಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಂ ಪ್ರಕಾರ ಊರಿನ ಯೋಜನಾ ಪ್ರಾಧಿಕಾರಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕು. ಇದು ಬೇರೆ ಕಡತ, ಬೇರೆ ಶುಲ್ಕ.

ಅದಕ್ಕೂ ಮೊದಲು ನಿಮ್ಮ ಊರಿನ ವಲಯ ನಿಯಮಾವಳಿ ತೆರೆದು ನೋಡಿ. ಸಾಮಾನ್ಯವಾಗಿ ಒಂದೊಂದು ವಲಯಕ್ಕೂ ಎರಡು ಪಟ್ಟಿ ಇರುತ್ತವೆ: ನೇರವಾಗಿ ಒಪ್ಪಿದ ಬಳಕೆ, ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಒಪ್ಪಬಹುದಾದ ಬಳಕೆ. ಎರಡನೆಯ ಪಟ್ಟಿಯಲ್ಲಿ ನಿಮ್ಮ ಕೆಲಸ ಸಿಕ್ಕರೆ ಬಣ್ಣ ಬದಲಿಸುವ ಗೋಜೇ ಬೇಡ. ಹಿಟ್ಟಿನ ಗಿರಣಿಯಂಥದ್ದಕ್ಕೆ ಮೋಟಾರಿನ ಅಶ್ವಶಕ್ತಿ ಮಿತಿಯೊಳಗಿದೆಯೇ ಎಂದು ನೋಡಿದರೆ ಸಾಕಾಗಬಹುದು. ಇದನ್ನು ನೋಡದೆಯೇ 14-ಎ ಅರ್ಜಿ ಹಾಕಿ ತಿಂಗಳುಗಟ್ಟಲೆ ಅಲೆಯುವವರಿದ್ದಾರೆ.

ಅರ್ಜಿ ಎಡವುವುದು ಹೆಚ್ಚಾಗಿ ವಿಸ್ತೀರ್ಣದಲ್ಲಿ. ಪಹಣಿಯಲ್ಲಿ 1 ಎಕರೆ 12 ಗುಂಟೆ ಎಂದಿರುತ್ತದೆ, ಅರ್ಜಿಯಲ್ಲೂ ಅದನ್ನೇ ಬರೆಯುತ್ತಾರೆ. ಅದರಲ್ಲಿ 2 ಗುಂಟೆ ಬಿ ಖರಾಬು, ಅಂದರೆ ಹಳ್ಳವೋ ಬಂಡಿದಾರಿಯೋ ಸೇರಿರುತ್ತದೆ. ಅದು ಸಾರ್ವಜನಿಕರದ್ದು, ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಸಾಗುವಳಿಗೆ ಬಾರದಿದ್ದರೂ ಸಾರ್ವಜನಿಕರ ಬಳಕೆಗೆ ಮೀಸಲಾಗದ ಎ ಖರಾಬಿನ ಮಾತು ಬೇರೆ. ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಸರ್ವೆ ದಾಖಲೆ), ಟಿಪ್ಪಣಿ (ಸರ್ವೆ ಅಳತೆಯ ನಕ್ಷೆ), ಪಹಣಿ ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಬೇಕು. ನೋಟಿಸಿನಲ್ಲೇ ಅಂಕಿ ತಪ್ಪಿದರೆ ಮತ್ತೆ ಪ್ರಕಟಣೆ, ಆಕ್ಷೇಪಣೆಗೆ ಮತ್ತೆ ಹದಿನೈದು ದಿನ.

ಎರಡನೆಯದು ರಸ್ತೆ. ನಿವೇಶನದ ಮುಂದೆ ಟೇಪು ಹಿಡಿದು 30 ಅಡಿ ಎಂದು ಬರೆದರೆ ಸಾಲದು. ಮುಖ್ಯರಸ್ತೆಯಿಂದ ಬರುವ ದಾರಿ ನಡುವೆ ಎಲ್ಲೋ 18 ಅಡಿಗೆ ಕಿರಿದಾಗಿದ್ದರೆ ಲಾರಿ ಸಿಕ್ಕಿಕೊಳ್ಳುವುದೂ ಅಲ್ಲೇ, ತಕರಾರು ಹುಟ್ಟುವುದೂ ಅಲ್ಲೇ.

ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ‘ಜಾಗಕ್ಕೆ ಒಳ್ಳೆ ಬೆಲೆ ಬರುತ್ತದೆ’ ಎಂಬುದು ಮಾಲೀಕನ ಹಿತ. ಬೆಂಗಳೂರಿನ ಸದಾಶಿವನಗರದಲ್ಲಿ ಉದ್ಯಾನಕ್ಕೆ ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ. ಆಸ್ಪತ್ರೆಯಂಥ ಆಸ್ಪತ್ರೆಯೇ ಅಲ್ಲಿ ನಿಲ್ಲಲಿಲ್ಲ! ಇನ್ನು ಮೊದಲು ಕಟ್ಟಿ ಆಮೇಲೆ ಅಕ್ರಮ-ಸಕ್ರಮ ಎನ್ನುವವರು, ಆ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದನ್ನು ಮರೆಯಬಾರದು.

ಆಕ್ಷೇಪಣೆ ಸಲ್ಲಿಸುವವರಿಗೂ ಒಂದು ಮಾತು. ಹದಿನೈದು ದಿನದ ಎಣಿಕೆ ನೋಟಿಸು ಪ್ರಕಟವಾದ ದಿನದಿಂದ, ನೀವು ನೋಡಿದ ದಿನದಿಂದಲ್ಲ. ಪತ್ರದಲ್ಲಿ ಪ್ರಕಟಣೆಯ ದಿನಾಂಕ, ಗ್ರಾಮ, ಸರ್ವೆ ನಂಬರು ಇರಲಿ. ‘ನಮಗೆ ತೊಂದರೆಯಾಗುತ್ತದೆ’ ಎಂಬ ಒಂದೇ ಸಾಲಿಗೆ ತೂಕವಿಲ್ಲ. ದಾರಿ ಎಷ್ಟು ಅಡಿ, ಚರಂಡಿ ಎಲ್ಲಿಗೆ ಹರಿಯುತ್ತದೆ, ಶಾಲೆ ಎಷ್ಟು ದೂರ ಎಂದು ಅಳೆದು ಬರೆಯಿರಿ. ಫೋಟೊ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಬರೀ ಸರ್ವೆ ನಂಬರು ಕೊಟ್ಟರೆ ಬೀದಿಯವರಿಗೆ ಅದು ತಮ್ಮ ಪಕ್ಕದ ಜಾಗವೆಂದು ತಿಳಿಯುವುದಾದರೂ ಹೇಗೆ? ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ಈಗಿನ ವಲಯ, ಕೇಳಿರುವ ವಲಯ, ರಸ್ತೆಯ ಅಗಲ ಇಷ್ಟನ್ನು ನೋಟಿಸಿನಲ್ಲಿ ಸೇರಿಸಿದರೆ ಹೆಚ್ಚುವುದು ಮೂರು ಸಾಲು. ಆ ನೋಟಿಸಿನ ಒಂದು ಪ್ರತಿಯನ್ನು ಆ ಜಾಗದ ಬೇಲಿಗೂ ಕಟ್ಟುವಂತೆ ಪ್ರಾಧಿಕಾರಗಳು ಆದೇಶಿಸಲಿ.

– ನಗರ ಯೋಜನಾ ಸಲಹೆಗಾರರು, ಮೈಸೂರು