ಕ್ಯಾಂಡಲ್ ದಾಟಿದ ಜೀವಾಣು ಮತ್ತು ಕರಪತ್ರದ ಪೆಟ್ಟಿಗೆ

ಸಂಪಾದಕರಿಗೆ ನಮಸ್ಕಾರ.

ಹದಿನೈದು ದಿನದ ಹಿಂದಿನ ಭಾನುವಾರ ನಿಮ್ಮ ಪತ್ರಿಕೆ ಬಿಚ್ಚಿದಾಗ ಒಳಗಿಂದ ಹಳದಿ ಕರಪತ್ರವೊಂದು ಜಾರಿ ಬಿತ್ತು. ಚಿಂತಾಮಣಿಯ ಕಲ್ಯಾಣ ಮಂಟಪದಲ್ಲಿ ‘ಕಂಪನ ಚಿಕಿತ್ಸೆ’ ಶಿಬಿರವಂತೆ. ಸಕ್ಕರೆ ಕಾಯಿಲೆ, ಮಂಡಿನೋವು, ಕ್ಯಾನ್ಸರ್, ಎಲ್ಲಕ್ಕೂ ಒಂದೇ ಪೆಟ್ಟಿಗೆ. ರೋಗಗಳಿಗೆಲ್ಲ ಮೂಲ ಫಿಲ್ಟರಿನಲ್ಲೂ ನುಸುಳುವ ಬ್ಯಾಕ್ಟೀರಿಯಾ, ಅದನ್ನು 1931ರಲ್ಲೇ ಅಮೆರಿಕದಲ್ಲಿ ಕಂಡುಹಿಡಿದಿದ್ದರು, ವೈದ್ಯಲೋಕ ಮುಚ್ಚಿಹಾಕಿತು ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು. ನಮ್ಮ ಬೀದಿಯಲ್ಲಿ ಹಿಂದೆ ರೇಷ್ಮೆ ನೂಲು ತೆಗೆಯುತ್ತಿದ್ದ ಹಿರಿಯರೊಬ್ಬರು 18,000 ರೂಪಾಯಿ ಕೊಟ್ಟು ಪೆಟ್ಟಿಗೆ ತಂದರು. ತಂದ ದಿನವೇ ಸಕ್ಕರೆ ಮಾತ್ರೆ ನಿಲ್ಲಿಸಿದರು.

ನಾನು 31 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವನು. ಫಿಲ್ಟರ್ ವಿಚಾರಕ್ಕೆ ಬಂದರೆ ಬಾಯಿ ಮುಚ್ಚಿಕೊಂಡಿರಲಾರೆ.

ಮನೆಯ ಸ್ಟೀಲ್ ಫಿಲ್ಟರಿನೊಳಗಿನ ಬಿಳಿ ಕ್ಯಾಂಡಲ್ ಇದೆಯಲ್ಲ, ಅದರ ಅಜ್ಜನನ್ನು 1884ರಲ್ಲಿ ಪಾಶ್ಚರ್ ಅವರ ಪ್ರಯೋಗಾಲಯದಲ್ಲಿ ಶಾಂಬರ್ಲಾಂ ಪಿಂಗಾಣಿಯಲ್ಲಿ ಮಾಡಿದರು. ಬ್ಯಾಕ್ಟೀರಿಯಾ ಅದರಲ್ಲಿ ನಿಂತುಬಿಡುತ್ತಿತ್ತು. ಆಮೇಲೆ ನಿಲ್ಲದವು ಸಿಕ್ಕತೊಡಗಿದವು. 1898 ಒಂದೇ ವರ್ಷದಲ್ಲಿ ದನಗಳ ಎರಡು ಬೇನೆಗಳ ಗುಟ್ಟು ಬಯಲಾಯಿತು. ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರುವ ಕಾಲುಬಾಯಿ ಜ್ವರದ ಸೋಂಕು ಫಿಲ್ಟರ್ ದಾಟುತ್ತದೆ ಎಂದು ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್ ತೋರಿಸಿದರು. ಅದು ವೈರಸ್. ದನಗಳ ಅಂಟು ಶ್ವಾಸಕೋಶ ಬೇನೆಯ ಜೀವಿಯನ್ನು ಫ್ರಾನ್ಸಿನ ನೊಕಾರ್ ಮತ್ತು ರೂ ಬೆಳೆಸಿದರು. ಅದೂ ಫಿಲ್ಟರ್ ದಾಟುವಂಥದ್ದೇ, ಆದರೆ ವೈರಸ್ ಅಲ್ಲ. ಹೊರಗೋಡೆಯೇ ಇಲ್ಲದ ಬ್ಯಾಕ್ಟೀರಿಯಾ, ಮೈಕೋಪ್ಲಾಸ್ಮಾ. ಗೋಡೆಯನ್ನೇ ಕೆಡಿಸುವ ಪೆನಿಸಿಲಿನ್ ಇದರ ಮುಂದೆ ನಡೆಯದು. ಅಂದರೆ ಕರಪತ್ರದವರು ಪೂರ್ತಿ ಸುಳ್ಳು ಹೇಳಿಲ್ಲ. ಅದಕ್ಕೇ ಆ ಪೆಟ್ಟಿಗೆ ಮಾರಾಟವಾಗುತ್ತದೆ.

ಇನ್ನು 1931ರ ಮಾತು. ಆರ್ಥರ್ ಕೆಂಡಾಲ್ ಬೀದಿ ವೈದ್ಯನಲ್ಲ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಬ್ಯಾಕ್ಟೀರಿಯಾ ತಜ್ಞ. ಹಂದಿಯ ಕರುಳಿನ ಪ್ರೋಟೀನಿನಿಂದ ಮಾಡಿದ ದ್ರವದಲ್ಲಿ ಬೆಳೆಸಿದರೆ ಟೈಫಾಯ್ಡ್ ಬ್ಯಾಕ್ಟೀರಿಯಾ ಫಿಲ್ಟರ್ ದಾಟುವ ರೂಪಕ್ಕೆ ತಿರುಗುತ್ತದೆ ಎಂದರು. ರೈಫ್ ಎಂಬುವರ ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡೆವು ಎಂದೂ ಬರೆದರು. ಮುಚ್ಚಿಹಾಕುವ ಮಾತೆಲ್ಲಿ ಬಂತು? ವೈದ್ಯಕೀಯ ಪತ್ರಿಕೆಯಲ್ಲೇ ಅಚ್ಚಾಯಿತು. ಮೇಯೊ ಕ್ಲಿನಿಕ್ಕಿನ ರೋಸೆನೋ ತಾವೂ ಕಂಡೆವೆಂದರು. ಹಾರ್ವರ್ಡ್‌ನ ಝಿನ್ಸರ್ ಮಾಡಿ ನೋಡಿದರೆ ಬರಲಿಲ್ಲ. 1935ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಎಮ್ಮಿ ಕ್ಲೀನೆಬರ್ಗರ್ ಎಂಬ ಹೆಣ್ಣುಮಗಳು ಗೋಡೆ ಕಳೆದುಕೊಂಡ ಬ್ಯಾಕ್ಟೀರಿಯಾವನ್ನು ಗುರುತಿಸಿ, ಸಂಸ್ಥೆಯ ಮೊದಲಕ್ಷರ ಹಿಡಿದು ಎಲ್-ರೂಪ ಎಂದು ಕರೆದರು. ಗಟ್ಟಿಯಾಗಿ ಉಳಿದ ಕೆಲಸ ಅದು, ಇಂದಿಗೂ ಓದುತ್ತಾರೆ. ಅಷ್ಟಾದರೂ ಅದರಿಂದ ಕ್ಯಾನ್ಸರ್ ಗುಣವಾಗುವ ಪೆಟ್ಟಿಗೆಗೆ ದಾರಿಯಿಲ್ಲ.

ಫಿಲ್ಟರ್ ಹೇಗೆ ಮೋಸ ಮಾಡುತ್ತದೆ ಎಂಬುದನ್ನು ನಾನೇ ಉಂಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕ್ಯಾಂಡಲಿನಲ್ಲಿ ಸೋಸಿದ ಸೀರಂ ಬೆಳಗಾಗುವಷ್ಟರಲ್ಲಿ ಕದಡಿಹೋಗಿತ್ತು. ಫಿಲ್ಟರ್ ದಾಟುವ ಜೀವಿ ನನಗೆ ಸಿಕ್ಕಿಯೇಬಿಟ್ಟಿತು ಎಂದು ಹಿಗ್ಗಿದೆ. ಹಿರಿಯರು ಒಂದು ಮಾತೂ ಆಡದೆ ಕ್ಯಾಂಡಲನ್ನು ಬಕೆಟ್ ನೀರಿಗೆ ಇಳಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದರು. ಕುತ್ತಿಗೆಯ ಹತ್ತಿರ ಸಾಲಾಗಿ ಗುಳ್ಳೆಗಳು ಎದ್ದವು. ಕೂದಲೆಳೆಯ ಬಿರುಕು! ಬಿರುಕಿಲ್ಲದಿದ್ದರೂ ಎರಡು ಮೂರು ದಿನ ಹಾಗೇ ಬಿಟ್ಟರೆ ಬ್ಯಾಕ್ಟೀರಿಯಾ ರಂಧ್ರದೊಳಗೇ ಬೆಳೆಯುತ್ತ ಆಚೆ ಬರುತ್ತದೆ. ಆ ಕಾಲದ ಎಷ್ಟೋ ಜಗಳಗಳಿಗೆ ಇಂಥ ಬಿರುಕೇ ಕಾರಣವಿದ್ದೀತು ಎಂದು ನನಗನ್ನಿಸುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂಬ ಜಾಹೀರಾತಿಗೆ 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲೇ ತಡೆಯಿದೆ. ಒಳಗೆ ಸೇರಿಸುವ ಕರಪತ್ರವನ್ನು ಏಜೆಂಟರು ಒಮ್ಮೆ ಓದಿ ನೋಡುವಂತೆ ಹೇಳಿ. ಪತ್ರಿಕೆಯೊಳಗಿಂದ ಬಿದ್ದದ್ದನ್ನು ನಮ್ಮ ಕಡೆ ಜನ ಪತ್ರಿಕೆಯೇ ಹೇಳಿದ್ದು ಅಂದುಕೊಳ್ಳುತ್ತಾರೆ.

ಆ ಹಿರಿಯರು ಸೋಮವಾರದಿಂದ ಮತ್ತೆ ಮಾತ್ರೆ ನುಂಗುತ್ತಿದ್ದಾರೆ. ಪೆಟ್ಟಿಗೆ ವಾಪಸ್ ತಗೊಳ್ಳಿ ಎಂದು ಕೇಳೋಣವೆಂದರೆ ಕರಪತ್ರದ ನಂಬರಿನವರು ಫೋನ್ ಎತ್ತುತ್ತಿಲ್ಲ.

– ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ