ಕೋರ್ ಪೆಟ್ಟಿಗೆಗಳನ್ನು ದಯವಿಟ್ಟು ಎಸೆಯಬೇಡಿ

ಮಾನ್ಯ ಸಂಪಾದಕರೇ,

ಡೈನೋಸಾರ್‌ಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಮೂಳೆ, ಮೊಟ್ಟೆ, ಹಲ್ಲು ಎಲ್ಲದರ ಬಗ್ಗೆಯೂ ಇತ್ತು. ಆದರೆ ಅವು ಮೇಯ್ದ ಗಿಡಮರಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಇಪ್ಪತ್ತಾರು ವರ್ಷ ಲ್ಯಾಬಿನಲ್ಲಿ ಆ ಗಿಡಗಳ ಚೂರುಗಳನ್ನೇ ಕಲ್ಲಿನಿಂದ ಬಿಡಿಸಿದವಳು ನಾನು. ಅದಕ್ಕೇ ಈ ಪತ್ರ, ಜೊತೆಗೆ ಬೋರ್ ಕೊರೆದಾಗ ಸಿಗುವ ಕಲ್ಲಿನ ಕೋರ್‌ಗಳನ್ನು ಎಸೆಯಬೇಡಿ ಎಂಬ ವಿನಂತಿ.

ಡೈನೋಸಾರ್‌ಗಳ ಕೊನೆಯ ಯುಗ ಕ್ರಿಟೇಶಿಯಸ್. ಅಂದರೆ ಸುಮಾರು 14.5 ಕೋಟಿ ವರ್ಷದಿಂದ 6.6 ಕೋಟಿ ವರ್ಷ ಹಿಂದಿನವರೆಗಿನ ಕಾಲ. ಹೂ ಬಿಡುವ ಗಿಡಗಳು ಭೂಮಿಯ ಮೇಲೆ ಹರಡಿದ್ದು ಆಗಲೇ. ಆ ಕಾಲದ ಬಂಡೆ ಎಷ್ಟೋ ಕಡೆ ನೂರಾರು ಮೀಟರ್ ಆಳದಲ್ಲಿ ಹೂತಿದೆ. ಎಣ್ಣೆಗೋ, ಕಲ್ಲಿದ್ದಲಿಗೋ, ನೀರಿಗೋ ಯಾರಾದರೂ ಬೋರ್ ಕೊರೆದರೆ ಮಾತ್ರ ಅದು ಕೈಗೆ ಸಿಗುತ್ತದೆ. ಉದ್ದ ಕಂಬಿಯ ಹಾಗೆ ಇಡಿಯಾಗಿ ಬಂದರೆ ಕೋರ್. ಚೂರುಚೂರಾಗಿ ಕೆಸರಿನ ಜೊತೆ ಬಂದರೆ ಕಟಿಂಗ್ಸ್. ಕಟಿಂಗ್ಸ್‌ನಲ್ಲಿ ಮೇಲಿನ ಪದರದ ಚೂರು ಕುಸಿದು ಕೆಳಗಿನದಕ್ಕೆ ಬೆರೆತುಬಿಡುತ್ತದೆ. ಆಗ ಕಲ್ಲಿನೊಳಗೆ ಉಳಿದಿರುವ ಆ ಕಾಲದ ಗಿಡಗಳ ಪರಾಗದಲ್ಲಿ ಯಾವುದು ಯಾವ ಆಳದ್ದು ಅಂತ ಹೇಳುವುದು ಕಷ್ಟ. ಹಾಗಾಗಿ ನಮಗೆ ಕೋರ್ ಅಂದರೆ ಜೀವ.

ಹೆಬ್ಬೆರಳಿನಷ್ಟು ಕಪ್ಪು ಜೇಡಿಕಲ್ಲು ಇದ್ದರೆ ಸಾಕು. ಹೊರಮೈ ಕೆರೆದು, ಕುಟ್ಟಿ, ಹೈಡ್ರೋಕ್ಲೋರಿಕ್ ಆಸಿಡ್‌ಗೆ ಹಾಕುತ್ತೇವೆ. ಸುಣ್ಣದ ಅಂಶ ನೊರೆಯಾಗಿ ಹೋಗುತ್ತದೆ. ಆಮೇಲೆ ಹೈಡ್ರೋಫ್ಲೋರಿಕ್ ಆಸಿಡ್. ಅದು ಗಾಜನ್ನೂ ಕರಗಿಸುತ್ತದೆ, ಪ್ಲಾಸ್ಟಿಕ್ ಪಾತ್ರೆಯೇ ಬೇಕು. ಚರ್ಮಕ್ಕೆ ತಾಗಿದರೆ ಕೆಲವೊಮ್ಮೆ ಉರಿಯೇ ಗೊತ್ತಾಗುವುದಿಲ್ಲ, ಒಳಗೊಳಗೇ ಇಳಿಯುತ್ತದೆ. ಆ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಪಕ್ಕದಲ್ಲಿಟ್ಟುಕೊಳ್ಳದೆ ನಾನು ಒಂದು ದಿನವೂ ಆ ಬಾಟಲಿಯ ಮುಚ್ಚಳ ತೆಗೆದಿಲ್ಲ. ಇಷ್ಟಾದರೂ ಪರಾಗಕ್ಕೆ ಏನೂ ಆಗುವುದಿಲ್ಲ. ಕಲ್ಲು ಕರಗಿ ಹೋಗುತ್ತದೆ, ಹೂವಿನ ಧೂಳು ಉಳಿಯುತ್ತದೆ!

ತೊಳೆದು, ಜರಡಿ ಹಿಡಿದು, ಸ್ಲೈಡ್ ಮಾಡಿ ನೋಡಿದರೆ ಒಂದು ಕಾಡೇ ಕಾಣುತ್ತದೆ. ಎರಡು ಬಲೂನು ಕಟ್ಟಿದಂತಿರುವ ಕೋನಿಫರ್ (ಪೈನ್‌ನಂಥ ಮರ) ಪರಾಗ. ಮೂರು ಕವಲಿನ ಗುರುತಿರುವ ಜರೀಗಿಡದ (ಫರ್ನ್) ಬೀಜಕ, ಅಂದರೆ ಬೀಜದ ಬದಲು ಅದು ಉದುರಿಸುವ ಧೂಳಿನಂಥ ಕಣ. ಅದೃಷ್ಟವಿದ್ದರೆ ಎಲೆಯ ಸಿಪ್ಪೆಯ ತುಂಡು. ಒಮ್ಮೆ ಜೇನಿನ ಬಣ್ಣದ ಅಂಥ ಒಂದು ತುಂಡು ಸಿಕ್ಕಿತ್ತು, ಸಾಸಿವೆ ಕಾಳಿಗಿಂತ ಚಿಕ್ಕದು. ಅದರಲ್ಲಿ ಎಲೆ ಉಸಿರಾಡುವ ರಂಧ್ರಗಳು ಸಾಲಾಗಿ, ಪುಟ್ಟ ತುಟಿಗಳ ಹಾಗೆ ಕಂಡವು. ಆ ಮಧ್ಯಾಹ್ನ ಊಟಕ್ಕೆ ಏಳಲು ಮನಸ್ಸೇ ಬರಲಿಲ್ಲ.

ಇದರಿಂದ ಏನು ಉಪಯೋಗ ಅಂತ ಕೇಳುವವರಿದ್ದಾರೆ. ಬಿಸಿ ತಾಗಿದಷ್ಟೂ ಬೀಜಕದ ಬಣ್ಣ ಹಳದಿಯಿಂದ ಕಂದಾಗಿ, ಕಪ್ಪಾಗುತ್ತದೆ. ಆ ಪದರದಲ್ಲಿ ಎಣ್ಣೆ ಹುಟ್ಟುವಷ್ಟು ಬಿಸಿ ಇತ್ತೇ ಎಂದು ಅದರಿಂದ ಅಂದಾಜು ಮಾಡುತ್ತಾರೆ. ಇನ್ನೊಂದು ಹೇಳಲೇಬೇಕು. ಕ್ರಿಟೇಶಿಯಸ್‌ನ ಕೊನೆಗೆ ಭೂಮಿಗೆ ಕ್ಷುದ್ರಗ್ರಹ ಬಡಿದ ಗುರುತಾದ ಇರಿಡಿಯಂ ಎಂಬ ಅಪರೂಪದ ಲೋಹ ಮೊದಲು ಸಿಕ್ಕಿದ್ದು ಸಮುದ್ರದಲ್ಲಿ ಉಂಟಾದ ಕಲ್ಲುಗಳಲ್ಲಿ. 1981ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದ ರಾಟನ್ ಪ್ರದೇಶದಲ್ಲಿ, ನೆಲದ ಮೇಲಿನ ಜೌಗಿನಲ್ಲಿ ಉಂಟಾದ ಪದರದಲ್ಲೂ ಅದು ಸಿಕ್ಕ ಸುದ್ದಿ ಪ್ರಕಟವಾಯಿತು. ಸಿಕ್ಕಿದ್ದು ಒಂದು ಕೋರ್‌ನಲ್ಲಿ. ಸರಿಯಾಗಿ ಅದೇ ಮಟ್ಟದಲ್ಲಿ ಕ್ರಿಟೇಶಿಯಸ್‌ನ ಕೆಲವು ಪರಾಗಗಳು ಕಾಣೆಯಾಗುತ್ತವೆ. ಅದರ ಮೇಲೆ ಜರೀಗಿಡದ ಬೀಜಕಗಳು ಏಕಾಏಕಿ ತುಂಬಿಕೊಳ್ಳುತ್ತವೆ. ಹಾಳುಬಿದ್ದ ನೆಲದಲ್ಲಿ ಮೊದಲು ಚಿಗುರಿದ್ದು ಜರೀಗಿಡ!

ನನ್ನ ಸಂಕಟ ಬೇರೆ. ಒಮ್ಮೆ ಒಂದು ಬೋರಿನ ಮಾದರಿಯಲ್ಲಿ ಸುಟ್ಟ ಕಟ್ಟಿಗೆಯ ಚೂರುಗಳು ತುಂಬಾ ಜಾಸ್ತಿ ಕಂಡವು. ಆ ಕಾಲದ ಕಾಳ್ಗಿಚ್ಚಿನ ಕುರುಹು ಅವು. ಮೇಲಿನ, ಕೆಳಗಿನ ಪದರ ನೋಡೋಣವೆಂದು ಮತ್ತೆ ಕೋರ್ ಕೇಳಿದೆವು. ಶೆಡ್ ಖಾಲಿ ಮಾಡಿದರಂತೆ. ಪೆಟ್ಟಿಗೆಗಳನ್ನು ರಸ್ತೆಯ ಗುಂಡಿಗೆ ಸುರಿದರಂತೆ. ಅಷ್ಟು ಖರ್ಚು ಮಾಡಿ ಮತ್ತೆ ಅದೇ ಜಾಗದಲ್ಲಿ ಯಾರು ಕೊರೆಯುತ್ತಾರೆ? ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಬೋರ್ ಕೊರೆಸುವವರಲ್ಲಿ ನನ್ನ ವಿನಂತಿ ಇಷ್ಟೇ. ಕೋರನ್ನು ಉದ್ದಕ್ಕೆ ಸೀಳಿ ಅರ್ಧವನ್ನಾದರೂ ಉಳಿಸಿ. ಜಾಗ ಇಲ್ಲವೆಂದರೆ ಪ್ರತಿ ಮೀಟರಿಗೆ ಒಂದು ಹಿಡಿಯಷ್ಟು ತುಂಡು ತೆಗೆದು, ಭೂವಿಜ್ಞಾನ ಕಲಿಸುವ ಯಾವುದಾದರೂ ಕಾಲೇಜಿಗೆ ಕೊಡಿ. ಆಳ ಎಷ್ಟು, ಯಾವ ತುದಿ ಮೇಲಿನದು ಎಂದು ಪೆಟ್ಟಿಗೆಯ ಮೇಲೆ ಬರೆಯಿರಿ. ಪೆನ್ನಿನಲ್ಲಿ ಬರೆದರೆ ಒದ್ದೆಯಾದಾಗ ಅಳಿಸಿಹೋಗುತ್ತದೆ, ಪೇಂಟಿನಲ್ಲಿ ಬರೆಯಿರಿ.

ಇಂತಿ,
ನಿವೃತ್ತ ಲ್ಯಾಬ್ ಸಹಾಯಕಿ